ಅಳಿಸಿದ ಕಂಬ

ಮೊಬೈಲಿನಲ್ಲಿ ಕೆಂಪು ಚುಕ್ಕಿ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಅದನ್ನು ಒತ್ತಿ, ಓದಿಯೋ ಓದದೆಯೋ, ಅಲ್ಲಿಂದ ಇಲ್ಲವಾಗಿಸಿದ ಮೇಲೆಯೇ ಸಮಾಧಾನ. ಮನೆಯಲ್ಲೂ ಅಷ್ಟೆ, ಬಚ್ಚಲಲ್ಲಿ ತೊಳೆಯದ ಒಂದು ಲೋಟ ಬಿದ್ದಿದ್ದರೆ ನನಗೆ ಊಟ ಸೇರದು. ನೆಂಟರಿಷ್ಟರು ಇದನ್ನು ಅಚ್ಚುಕಟ್ಟು ಎಂದು ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಈ ಅಚ್ಚುಕಟ್ಟಿನಿಂದಲೇ ಒಬ್ಬ ಮೇಸ್ತ್ರಿಯ ಸೊಂಟ ಮುರಿಯಿತು, ಅದರ ಹಿಂದೆಯೇ ಅವರ ಹೆಸರೂ ಹೋಯಿತು. ಸೊಂಟವನ್ನು ಡಾಕ್ಟರುಗಳಿಂದಲೂ ಸರಿ ಮಾಡಲಾಗಲಿಲ್ಲ. ಹೆಸರನ್ನು ಮಾತ್ರ ನಾನೊಬ್ಬಳು ಉಳಿಸಬಹುದಿತ್ತು, ಉಳಿಸದೆ ಐದು ತಿಂಗಳು ಕೂತಿದ್ದೆ.

ನನ್ನ ಆಫೀಸು ನ್ಯಾಮತಿಯಲ್ಲಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಬೀಜದಂಗಡಿಯ ಮೇಲಿನ ಒಂದು ಕೋಣೆ, ಒಂದು ಕಂಪ್ಯೂಟರು, ಬಂದವರಿಗೆ ಎರಡು ಕುರ್ಚಿ. ಸಿವಿಲ್ ಡಿಪ್ಲೊಮಾ ಮಾಡಿದವಳು ನಾನು, ಮನೆಗಳ ಪ್ಲಾನು ಹಾಕುವುದು ಕಸುಬು. ನ್ಯಾಮತಿ ತಾಲ್ಲೂಕು ಆದ ಮೇಲೆ ಕೆಲಸ ಹೆಚ್ಚಾಯಿತು. ಇತ್ತ ಹೊನ್ನಾಳಿ, ಚನ್ನಗಿರಿಯಿಂದ ಹಿಡಿದು ಅತ್ತ ಜಗಳೂರಿನವರೆಗೂ ಜನ ಹುಡುಕಿಕೊಂಡು ಬಂದರು. ಬಸ್ಸಿನಲ್ಲಿ ಅಲೆದು ಅಲೆದು ನನ್ನ ಸಿಟ್ಟೂ ಹೆಚ್ಚಾಯಿತು.

ಆಗೆಲ್ಲ ಪ್ಲಾನು ಎಂದರೆ ಕಾಗದ. ಸಿಮೆಂಟಿನ ಕೈಯಲ್ಲಿ ಮುಟ್ಟಿ, ಮಳೆಯಲ್ಲಿ ನೆನೆಸಿ, ಮೂರನೇ ವಾರಕ್ಕೆ ಅದು ಮಡಿಕೆಯಲ್ಲೇ ಹರಿಯುತ್ತಿತ್ತು. ಹರಿದ ಜಾಗದಲ್ಲೇ ಬಚ್ಚಲುಮನೆ ಇರುತ್ತಿತ್ತು. ಮೇಲಾಗಿ ಮನೆಯವರು ನಾಲ್ಕು ಸಲ ಬದಲಾಯಿಸಿ, ಮಾಲೀಕರ ಹತ್ತಿರ ಒಂದು ಹಾಳೆ, ಮೇಸ್ತ್ರಿ ಹತ್ತಿರ ಇನ್ನೊಂದು, ಕಬ್ಬಿಣ ಕಟ್ಟುವವರ ಹತ್ತಿರ ಮತ್ತೊಂದು ಇರುತ್ತಿದ್ದವು. ಚನ್ನಗಿರಿಯ ಒಂದು ಮನೆಯಲ್ಲಿ ಮೆಟ್ಟಿಲನ್ನು ಹಳೇ ಹಾಳೆ ನೋಡಿ ಕಟ್ಟಿ, ಹೊಸ ಹಾಳೆ ನೋಡಿ ಒಡೆದರು. ಅವತ್ತೇ ನಾನು ಆನ್‌ಲೈನ್ ಸಾಫ್ಟ್‌ವೇರಿಗೆ ಬದಲಾದೆ.

ಅದರಲ್ಲಿ ಪ್ರತಿ ಮನೆಗೂ ಒಂದು ಪ್ರಾಜೆಕ್ಟು ತೆರೆಯಬೇಕು. ಊರು, ಸೈಟಿನ ಅಳತೆ, ದಿಕ್ಕು ಹಾಕಿ, ಆಮೇಲೆ ಪಾಯದ ಹಾಳೆ, ಕಂಬದ ಹಾಳೆ, ಗೋಡೆ, ಸ್ಲ್ಯಾಬು ಎಲ್ಲವನ್ನೂ ಏರಿಸಬೇಕು. ಕೊನೆಗೆ ಸದಸ್ಯರನ್ನು ಸೇರಿಸಿ ಹಂಚಬೇಕು. ಸೇರಿಸುವಾಗ ಅದು ಪ್ರತಿಯೊಬ್ಬರ ಬಗ್ಗೆಯೂ ಕೇಳುತ್ತದೆ: ಇವರು ನೋಡಬಹುದೇ, ಪ್ರಶ್ನೆ ಕೇಳಬಹುದೇ, ತಿದ್ದಬಹುದೇ? ಪ್ರಶ್ನೆ ಬಂದರೆ ನನ್ನ ಕಡೆ ಕೆಂಪು ಚುಕ್ಕಿ. ನಾನು ಒಪ್ಪಿಗೆ ಒತ್ತಿದರೆ ಅವರ ಕಡೆ ಹಸಿರು. ಹಸಿರು ಬಂದರೆ ಕೆಲಸ ಮಾಡಿ, ಬರದಿದ್ದರೆ ಕೈಕಟ್ಟಿ ಕೂತಿರಿ. ಇದು ನಾನು ಮಾಡಿದ ಕಾನೂನು. ತಾಲ್ಲೂಕು ಆಫೀಸೇ ನನ್ನ ಕೈಯಲ್ಲಿದೆ ಎನ್ನುವಷ್ಟು ಜಂಬ ನನಗೆ.

ಜಗಳೂರಿನ ಹತ್ತಿರದ ಹಳ್ಳಿಯ ಮೇಸ್ತ್ರಿ ನನ್ನ ಕೆಲಸಗಳಿಗೆ ಬರುತ್ತಿದ್ದರು. ಮೂವತ್ತು ವರ್ಷ ಕಟ್ಟಿದ ಕೈ. ಮಾತು ಕಡಿಮೆ. ಗೋಡೆಗೆ ತೂಗುಗುಂಡು ಬಿಡುವ ಮೊದಲೇ ಒಂದು ಕಣ್ಣು ಮುಚ್ಚಿ ನೋಡಿ ಎಷ್ಟು ವಾಲಿದೆ ಎಂದು ಹೇಳುವರು, ಗುಂಡು ಬಿಟ್ಟರೆ ಅಷ್ಟೇ ಇರುತ್ತಿತ್ತು. ಹೊಸ ಪದ್ಧತಿ ಅವರಿಗೆ ಹಿಡಿಸಲಿಲ್ಲ.

"ಮೇಡಂ, ಒಂದು ಫೋನ್ ಮಾಡಿದ್ರೆ ಮುಗೀತಿತ್ತಲ್ರಿ. ಇದರಾಗೆ ಯಾಕೆ ಹಾಕಬೇಕು?"

"ಫೋನಿನಾಗೆ ಆಡಿದ್ದಕ್ಕೆ ಸಾಕ್ಷಿ ಎಲ್ಲೈತೆ ಮೇಸ್ತ್ರಿ? ಇದರಾಗೆ ಹಾಕಿದ್ರೆ ನೀವು ಕೇಳಿದ್ದೂ ಇರ್ತೈತೆ, ನಾನು ಹೇಳಿದ್ದೂ ಇರ್ತೈತೆ. ನಾಳೆ ಒಂದು ಮಾತು ಬಂದ್ರೆ ನಿಮ್ಮನ್ನ ಕಾಯೋದು ಇದೇ."

"ನನ್ನ ಮ್ಯಾಲೆ ಇಲ್ಲೀತನ ಮಾತು ಬಂದಿಲ್ರಿ" ಎಂದರು. ಆದರೂ ಒಂದೇ ವಾರದಲ್ಲಿ ಕಲಿತರು. ಟೈಪು ಮಾಡಲು ಬಾರದು, ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತಿತ್ತು. ಫೋಟೋ ತೆಗೆದು ಹಾಕುವುದನ್ನೂ ಕಲಿತರು. ಅದಾದ ಮೇಲೂ ಎರಡು ಸಲ ಅಭ್ಯಾಸಬಲದಿಂದ ಫೋನು ಮಾಡಿದರು. ಎರಡು ಸಲವೂ ನಾನು ರೇಗಿದೆ. ಆಮೇಲೆ ಮಾಡಲಿಲ್ಲ.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿ ಗೊಬ್ಬರದಂಗಡಿಯವರ ಮನೆ ನಮಗೆ ಸಿಕ್ಕಿತು. ಮುಂದೆ ದೊಡ್ಡ ಪೋರ್ಟಿಕೊ ಬೇಕು, ಟ್ರ್ಯಾಕ್ಟರು ಕಾರು ಎರಡೂ ನಿಲ್ಲಬೇಕು ಎಂದರು. ಪೋರ್ಟಿಕೊದ ಮುಂಭಾಗಕ್ಕೆ ನಾನು ಮೂರು ಕಂಬ ಕೊಟ್ಟೆ, ಎರಡು ಮೂಲೆಗೆ, ಒಂದು ನಡುವೆ. ಪ್ರಾಜೆಕ್ಟು ತೆರೆದು ಮಾಲೀಕರು, ಮೇಸ್ತ್ರಿ, ಕಬ್ಬಿಣದವರು ಮೂವರನ್ನೂ ಸೇರಿಸಿದೆ. ಮಾಲೀಕರು ತಮ್ಮ ಸೋದರಮಾವನನ್ನೂ ಸೇರಿಸಿ ಎಂದರು. ಅವರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ವಾಸ್ತು, ಆಯ ಎಲ್ಲ ನೋಡುವವರು. ಆ ಮನೆಯಲ್ಲಿ ಅವರ ಮಾತೇ ಕೊನೆ.

ಮೇಷ್ಟ್ರಿಗೆ ನೋಡುವ ಅಧಿಕಾರವಷ್ಟೇ ಕೊಟ್ಟಿದ್ದೆ. ದಿನಾ ಫೋನು. ತೆರೆಯುತ್ತಿಲ್ಲ, ದೊಡ್ಡದಾಗುತ್ತಿಲ್ಲ, ಅನುಮತಿ ಕೇಳುತ್ತಿದೆ. ಕಬ್ಬಿಣದವರದೂ ಇದೇ ರಗಳೆ. ಒಂದು ದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಮತ್ತೆ ಫೋನು ಬಂತು. ತಲೆ ಕೆಟ್ಟು, ಎಲ್ಲರಿಗೂ ತಿದ್ದುವ ಅಧಿಕಾರ ಕೊಟ್ಟು ಬಿಸಾಕಿದೆ. ಸಾಫ್ಟ್‌ವೇರು, ಖಚಿತವೇ ಎಂದು ಒಂದು ಸಲ ಕೇಳಿತು. ಖಚಿತ ಎಂದು ಒತ್ತಿದೆ. ಅಂದಿನಿಂದ ಯಾರೂ ಫೋನು ಮಾಡಲಿಲ್ಲ, ನಾನು ನೆಮ್ಮದಿಯಾಗಿ ಉಂಡೆ.

ಪಾಯ ಮುಗಿದು ಕಂಬಗಳ ಕಬ್ಬಿಣ ಮೇಲೆದ್ದು ನಿಂತ ಮೇಲೆ ಮೇಷ್ಟ್ರು ಆಯ ಸರಿಯಿಲ್ಲ ಎಂದು ಮುಂಬಾಗಿಲನ್ನು ಪಕ್ಕಕ್ಕೆ ಸರಿಸಲು ಹೇಳಿದರು. ಗೋಡೆ ಇನ್ನೂ ಎದ್ದಿರಲಿಲ್ಲವಾದ್ದರಿಂದ ನಾನು ತಕರಾರಿಲ್ಲದೆ ಸರಿಸಿ, ಹೊಸ ಹಾಳೆ ಏರಿಸಿದೆ. ಆಗ ಬಾಗಿಲಿಗೆ ನೇರ ಎದುರಾಗಿ ಪೋರ್ಟಿಕೊದ ನಡುಗಂಬ ಬಂತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಮೇಷ್ಟ್ರ ಕಣ್ಣಿಗೆ ಬಿತ್ತು. ನಮ್ಮ ಕಡೆ ಬಾಗಿಲಿನ ಎದುರು ಕಂಬ ನಿಂತರೆ ಮನೆಗೆ ಆಗಿಬರುವುದಿಲ್ಲ ಎಂದು ನಂಬುತ್ತಾರೆ. ನನ್ನನ್ನು ಕೇಳಿದರೆ ವಾದ ಮಾಡುತ್ತಾಳೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ತಿದ್ದುವ ಅಧಿಕಾರ ಕೈಯಲ್ಲೇ ಇತ್ತು. ಕಂಬವನ್ನು ತಾವೇ ಅಳಿಸಿದರು. ಡ್ರಾಯಿಂಗ್ ಕಲಿಸಿದವರಲ್ಲವೇ, ಹನ್ನೊಂದು ಅಡಿ, ಹನ್ನೊಂದು ಅಡಿ ಎಂದು ಇದ್ದ ಎರಡು ಅಳತೆಗಳನ್ನೂ ತೆಗೆದು ಇಪ್ಪತ್ತೆರಡು ಎಂದು ಒಂದೇ ಗೆರೆ ಎಳೆದಿದ್ದರು. ನಾನೇ ಬರೆದಂತಿತ್ತು. ಆದರೆ ಮೇಲಿನ ತೊಲೆಗೆ ನಾನು ಕೊಟ್ಟ ಕಬ್ಬಿಣ ಹನ್ನೊಂದು ಅಡಿಯ ಲೆಕ್ಕದ್ದು. ಅದು ಬೇರೆ ಹಾಳೆಯಲ್ಲಿತ್ತು, ಹಾಗೇ ಉಳಿಯಿತು.

ಮೇಸ್ತ್ರಿ ಅದನ್ನು ಕಂಡುಹಿಡಿದರು. ಎದ್ದು ನಿಂತ ಕಬ್ಬಿಣದ ಫೋಟೋ ತೆಗೆದು, ನಾನು ಹೇಳಿಕೊಟ್ಟ ಹಾಗೆಯೇ ಪ್ರಾಜೆಕ್ಟಿನಲ್ಲಿ ಹಾಕಿ ಕೇಳಿದರು. "ಮೇಡಂ, ನಡುಗಂಬದ ಕಬ್ಬಿಣ ನಿಂತೈತೆ. ಮೊಬೈಲ್‌ನಾಗೆ ಕಂಬ ಇಲ್ಲ. ಕತ್ತರಿಸಲಾ? ನೋಡಿ ಹೇಳ್ರಿ."

ನಾನು ಆಗ ಚನ್ನಗಿರಿ ಬಸ್ಸಿನಲ್ಲಿ ನಿಂತಿದ್ದೆ, ಒಂದು ಕೈ ಮೇಲಿನ ಕಂಬಿ ಹಿಡಿದಿತ್ತು. ಮೊಬೈಲಿನಲ್ಲಿ ಹನ್ನೊಂದು ಕೆಂಪು ಚುಕ್ಕಿ. ಮೊದಲ ಮೂರು ತೆರೆದು ಓದಿದೆ. ಕಿಟಕಿ ಎತ್ತರ, ಟೈಲ್ಸಿನ ಬಣ್ಣ, ಮೀಟರ್ ಬೋರ್ಡು. ಇನ್ನೂ ಇಂಥವೇ ಇರುತ್ತವೆ ಎಂದುಕೊಂಡು ಎಲ್ಲವನ್ನೂ ಆರಿಸಿ ಒಂದೇ ಸಲ ಒಪ್ಪಿಗೆ ಒತ್ತಿದೆ. ಚುಕ್ಕಿಗಳು ಮಾಯವಾದವು. ಅವತ್ತಿನ ಸಮಾಧಾನ ನನಗೆ ಇನ್ನೂ ನೆನಪಿದೆ, ನಾಚಿಕೆಗೆಟ್ಟ ನೆನಪು.

ಸಾಸ್ವೆಹಳ್ಳಿಯಲ್ಲಿ ಹಸಿರು ಬಂತು. ಮೇಸ್ತ್ರಿ ಕಬ್ಬಿಣ ಕತ್ತರಿಸಿದರು.

ಸ್ಲ್ಯಾಬು ಹಾಕುವ ಮೊದಲು ನಾನು ಹೋಗಿ ನೋಡಬೇಕಿತ್ತು. ಹೋಗಲಿಲ್ಲ. ಫೋಟೋ ಬರುತ್ತಿರುವಾಗ ಮೂರು ಬಸ್ಸು ಬದಲಾಯಿಸುವುದು ಯಾಕೆ? ಫೋಟೋದಲ್ಲಿ ಮೇಲೆ ಹೆಣೆದ ಕಬ್ಬಿಣ ನೋಡಿದೆ, ಎಣಿಸಿದೆ, ನಾನು ಕೊಟ್ಟಷ್ಟೇ ಇತ್ತು. ಕೆಳಗೆ ಹಸಿ ಸ್ಲ್ಯಾಬು ಹೊರಲು ಸೆಂಟ್ರಿಂಗಿಗೆ ಕೊಟ್ಟ ಸರ್ವೆ ಮರಗಳು ಒತ್ತೊತ್ತಾಗಿ ನಿಂತಿದ್ದವು. ಅದರ ನಡುವೆ ಕಂಬ ಎರಡೋ ಮೂರೋ ಎಂದು ಯಾರು ನೋಡುತ್ತಾರೆ?

ಸರ್ವೆ ಮರ ಬಿಚ್ಚುವ ದಿನ ಮೇಸ್ತ್ರಿ ಕಾಯಿ ಒಡೆದು, ಎಲ್ಲರನ್ನೂ ಆಚೆ ಕಳಿಸಿ, ಕೊನೆಯ ಮರವನ್ನು ತಾವೇ ಹೊಡೆದು ತೆಗೆಯುವರು. ಅದು ಅವರ ಪದ್ಧತಿ. ತಾನು ಕಟ್ಟಿದ್ದರ ಕೆಳಗೆ ಮೊದಲು ತಾನೇ ನಿಲ್ಲಬೇಕು ಎನ್ನುತ್ತಿದ್ದರು. ಅವತ್ತೂ ಹಾಗೇ ಮಾಡಿದರು. ಪೋರ್ಟಿಕೊ ನಡುವಿಗೆ ಮುರಿದು ಕುಸಿಯಿತು. ಬೇರೆ ಯಾರಿಗೂ ಒಂದು ಗೀರೂ ಆಗಲಿಲ್ಲ.

ಮಾಲೀಕರ ಫೋನು ಬಂದಾಗ ಬೆಳಗಿನ ಹನ್ನೊಂದು ಗಂಟೆ. ಮೇಸ್ತ್ರಿಯನ್ನು ದಾವಣಗೆರೆಗೆ ಒಯ್ಯುತ್ತಿದ್ದಾರೆ ಎಂದರು. ಹೊರಡುವ ಮೊದಲು ನಾನು ಮಾಡಿದ ಕೆಲಸ ಏನು? ಪ್ರಾಜೆಕ್ಟು ತೆರೆದೆ. ಯಾವ ದಿನ ಯಾರು ಏನು ಮಾಡಿದರು ಎಂಬುದೆಲ್ಲ ಅಲ್ಲಿ ಸಾಲಾಗಿ ಇರುತ್ತದೆ. ಮೇಷ್ಟ್ರು ಕಂಬ ಅಳಿಸಿದ್ದು, ಮೇಸ್ತ್ರಿ ಕೇಳಿದ್ದು, ನಾನು ಒಪ್ಪಿದ್ದು. ಆ ಪ್ರಶ್ನೆಯನ್ನು ನಾನು ಮೊದಲ ಸಲ ಓದಿದ್ದು ಆಗ. ಓದಿದ ಕೂಡಲೇ ನಾಲ್ವರನ್ನೂ ಸದಸ್ಯರ ಪಟ್ಟಿಯಿಂದ ತೆಗೆದೆ. ಯಾರೂ ಅದರಲ್ಲಿ ಕೈಯಾಡಿಸಬಾರದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಬೇರೆ ಯಾರೂ ಅದನ್ನು ನೋಡಬಾರದಿತ್ತು.

ವಾರ ಕಳೆದು ಊರ ಹಿರಿಯರು ಗೊಬ್ಬರದಂಗಡಿಯ ಮುಂದೆ ಕೂತರು. ಮೇಸ್ತ್ರಿ ಆಸ್ಪತ್ರೆಯಲ್ಲಿದ್ದರು, ಅವರ ಪರವಾಗಿ ಯಾರೂ ಇರಲಿಲ್ಲ. ನನಗೆ ಕುರ್ಚಿ ಹಾಕಿ ಟೀ ಕೊಟ್ಟರು.

"ನೀವು ಕೊಟ್ಟ ಪ್ಲಾನಿನಾಗೆ ಎಷ್ಟು ಕಂಬ ಇದ್ವು ಮೇಡಂ?" ಮಾಲೀಕರು ಕೇಳಿದರು.

"ಮೂರು" ಎಂದೆ.

"ಕಟ್ಟಿದ್ದು ಎರಡು" ಎಂದರು ಯಾರೋ.

ಮೇಷ್ಟ್ರು ಒಂದು ಸಲ ನನ್ನ ಮುಖ ನೋಡಿದರು. ನಾನೂ ನೋಡಿದೆ. ಇಬ್ಬರೂ ಟೀ ಕುಡಿದೆವು. ನಾನು ಆಡಿದ್ದು ಒಂದೇ ಮಾತು, ಅದೂ ನಿಜದ ಮಾತು. ಅಷ್ಟಕ್ಕೇ ಮೂವತ್ತು ವರ್ಷ ಕಟ್ಟಿದ ಮೇಸ್ತ್ರಿ, ಕಬ್ಬಿಣ ಸಿಮೆಂಟು ಉಳಿಸಿಕೊಳ್ಳಲು ಕಂಬ ನುಂಗಿದವನಾದ.

ತಿಂಗಳಾದ ಮೇಲೆ ಅವರ ಹೆಂಡತಿ ನ್ಯಾಮತಿಗೆ ಬಂದರು. ಜಗಳೂರಿನಿಂದ ಬೆಳಗ್ಗೆಯೇ ಹೊರಟು ಬಂದಿದ್ದರು. ಕುರ್ಚಿಯಲ್ಲಿ ಕೂರಲಿಲ್ಲ.

"ನಾನು ಕೇಳಿದ್ದೆ, ಹಸಿರು ಬಂತು, ಆಮೇಲೇ ಕತ್ತರಿಸಿದ್ದು ಅಂತ ಅದನ್ನೇ ಹೇಳ್ತಾರ್ರಿ. ಯಾರೂ ನಂಬವಲ್ರು. ಆ ಫೋನು ಸ್ಲ್ಯಾಬಿನ ಕೆಳಗೆ ಹೋತು. ಅದೇ ನಂಬರ್ ಇನ್ನೊಂದು ಫೋನಿಗೆ ಹಾಕೀವಿ. ತೆಗೆದ್ರೆ ನಿಮಗೆ ಅನುಮತಿ ಇಲ್ಲ ಅಂತೈತೆ. ನಿಮ್ಮತ್ರ ಐತೇನ್ರಿ ಅದು?"

ಕಂಪ್ಯೂಟರು ನನ್ನ ಎದುರಿಗೇ ಇತ್ತು, ತೆರೆದೇ ಇತ್ತು. "ಹಳೇದೆಲ್ಲ ಅಳಿಸಿ ಹೋಗೈತಮ್ಮ" ಎಂದೆ.

"ಹಂಗಾ" ಎಂದರು. ಮೆಟ್ಟಿಲ ಹತ್ತಿರ ಹೋಗಿ ತಿರುಗಿದರು. "ಅವರ ಕಾಲು ಹೋಗಿದ್ದಕ್ಕೆ ಅವರು ಅಳಲಿಲ್ರಿ. ಹೆಸರು ಹೋತಲ್ಲ ಅಂತ ಅಳ್ತಾರೆ. ಏನಾದ್ರೂ ಸಿಕ್ರೆ ಒಂದು ಫೋನ್ ಮಾಡ್ರಿ." ಆಯಿತು ಎಂದೆ. ಆ ಹೆಂಗಸು ಇಳಿದು ಹೋದ ಮೇಲೆ ನಾನು ಬೇರೆ ಮನೆಯ ಪ್ಲಾನು ತೆರೆದು ಕೂತೆ. ಇಂಥವಳು ನಾನು.

ಮಾರನೇ ದಿನದಿಂದ ಶುರುವಾಯಿತು. ಅನುಮತಿ ಇಲ್ಲ ಎಂದು ಬರುವ ಜಾಗದ ಕೆಳಗೆ, ಅನುಮತಿ ಕೇಳಿ ಎಂದು ಒಂದು ಗುಂಡಿ ಇರುತ್ತದೆ. ಮೇಸ್ತ್ರಿ ಮಲಗಿದಲ್ಲಿಂದ ದಿನಾ ಬೆಳಗ್ಗೆ ಅದನ್ನು ಒತ್ತುತ್ತಿದ್ದರು. ನನಗೆ ದಿನಾ ಒಂದು ಕೆಂಪು ಚುಕ್ಕಿ. ಕೊಡಲೂ ಆಗಲಿಲ್ಲ, ನಿರಾಕರಿಸಲೂ ಆಗಲಿಲ್ಲ. ಜೀವನದಲ್ಲಿ ಮೊದಲ ಸಲ ಚುಕ್ಕಿಗಳನ್ನು ಹಾಗೇ ಬಿಟ್ಟೆ. ಇಪ್ಪತ್ತಾದವು, ನಲವತ್ತಾದವು, ನೂರರ ಹತ್ತಿರ ಬಂದವು. ಮೊಬೈಲನ್ನು ಮೇಜಿನ ಮೇಲೆ ಬೋರಲು ಇಡುವುದು ರೂಢಿಯಾಯಿತು.

ಅಷ್ಟರಲ್ಲಿ ಚನ್ನಗಿರಿ ಕಡೆಯ ತ್ಯಾವಣಿಗೆಯಲ್ಲಿ ಒಂದು ಮನೆ ಶುರುವಾಗಿತ್ತು, ಬೇರೆ ಮೇಸ್ತ್ರಿ. ಈಗ ನಾನು ಪ್ರತಿ ಕೆಲಸಕ್ಕೂ ಖುದ್ದಾಗಿ ಹೋಗುತ್ತಿದ್ದೆ. ಕಂಬಗಳನ್ನು ಎರಡೆರಡು ಸಲ ಎಣಿಸುವುದನ್ನು ಕಂಡು ಆತ ನಕ್ಕ.

"ಹೆದರಬ್ಯಾಡ್ರಿ ಮೇಡಂ, ನಾನೇನು ಜಗಳೂರು ಮೇಸ್ತ್ರಿ ಅಲ್ಲ ಕಂಬ ನುಂಗಾಕೆ." ಗಾರೆ ಕಲಸುತ್ತಿದ್ದ ಹೆಂಗಸರೂ ನಕ್ಕರು. ಮಾತು ಹೊನ್ನಾಳಿ ದಾಟಿ ಚನ್ನಗಿರಿ ಸೀಮೆಗೂ ಬಂದಿತ್ತು. ನಾನೂ ನಕ್ಕೆ. ನಕ್ಕ ಮೇಲೆ ಬಾಯಿ ಕಹಿಯಾಯಿತು, ಅವರು ಕೊಟ್ಟ ನೀರು ಕುಡಿದರೂ ಹೋಗಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಚುಕ್ಕಿಗಳು ನಿಂತವು. ಒಂದು ದಿನ ಬರಲಿಲ್ಲ, ಎರಡು ದಿನ ಬರಲಿಲ್ಲ. ನಾಲ್ಕನೇ ದಿನ ನನಗೆ ಆಫೀಸಿನಲ್ಲಿ ಕೂರಲಾಗಲಿಲ್ಲ. ಸತ್ತೇ ಹೋದರು ಎಂದುಕೊಂಡೆ. ಲ್ಯಾಪ್‌ಟಾಪು ಚೀಲಕ್ಕೆ ಹಾಕಿ ಹೊನ್ನಾಳಿ ಬಸ್ಸು ಹತ್ತಿದೆ, ಅಲ್ಲಿಂದ ದಾವಣಗೆರೆ, ಅಲ್ಲಿಂದ ಜಗಳೂರು. ದಾರಿಯುದ್ದಕ್ಕೂ ಬದುಕಿರಲಿ ಎಂದು ಬೇಡಿಕೊಂಡೆ. ಬದುಕಿದ್ದರೆ ಮುಖ ತೋರಿಸುವುದು ಹೇಗೆ ಎಂದೂ ಬೆವರುತ್ತಿದ್ದೆ.

ಬದುಕಿದ್ದರು. ಪಡಸಾಲೆಯಲ್ಲಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತೋಳುಗಳು ಮಾತ್ರ ಹಳೇ ಮೇಸ್ತ್ರಿಯವು, ಸೊಂಟದಿಂದ ಕೆಳಗೆ ಹೊದಿಕೆಯಡಿ ಏನೂ ಇಲ್ಲವೆಂಬಷ್ಟು ಬಡಕಲು. ನನ್ನನ್ನು ಕಂಡು ಏಳಲು ಹೋದರು, ಹೆಂಡತಿ ತಡೆದರು. "ಫೋನ್ ನಾನೇ ಕಿತ್ತು ಇಟ್ಟೀನ್ರಿ. ಅದನ್ನ ನೋಡ್ಕೊಂತ ಊಟ ಬಿಟ್ಟಿದ್ರು" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾನು ಚೀಲವನ್ನು ಮಂಚದ ಕಾಲಿನ ಹತ್ತಿರ ಇಟ್ಟೆ. ಮೇಸ್ತ್ರಿಯೇ ಕೇಳಿದರು.

"ಮೇಡಂ, ಅವತ್ತು ನಾನು ಹಾಕಿದ್ದು ನಿಮಗೆ ಮುಟ್ಟಿತ್ತಾ?"

"ಏನು ಮೇಸ್ತ್ರಿ?"

"ಕಂಬದ್ದು ಕೇಳಿದ್ನಲ್ರಿ. ಮಲಗಿದಲ್ಲೇ ಅದೇ ಯೋಚನೆ ನೋಡ್ರಿ. ನಾನೇ ಎಲ್ಲೋ ತಪ್ಪು ಒತ್ತಿದ್ನೋ ಏನೋ. ನಿಮಗೆ ಮುಟ್ಟೇ ಇಲ್ವೋ ಏನೋ. ಯಾರದ್ದೋ ಹಸಿರು ನೋಡಿ ನಂದು ಅಂದ್ಕೊಂಡ್ನೋ. ಓದಿಲ್ಲದ ಮನಷ್ಯ ನಾನು. ಮುಟ್ಟಿದ್ರೆ ನೀವು ಬ್ಯಾಡ ಅಂತಿದ್ರಿ ಅಲ್ವಾ?"

ಐದು ತಿಂಗಳು ಅವರು ತಮ್ಮ ಬೆರಳನ್ನೇ ಅನುಮಾನಿಸಿಕೊಂಡು ಮಲಗಿದ್ದರು. ನನ್ನನ್ನಲ್ಲ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಲ್ಯಾಪ್‌ಟಾಪು ತೆರೆದು ಅವರ ಎದೆಯ ಹತ್ತಿರ ಹಿಡಿದೆ. ಅವರ ಫೋಟೋ, ಅದರಲ್ಲಿ ನಾಲ್ಕು ಕಬ್ಬಿಣದ ಕಂಬಿಗಳು ನೆಟ್ಟಗೆ ನಿಂತಿದ್ದವು. ಅದರ ಕೆಳಗೆ ಅವರ ಮಾತು. ಅದರ ಕೆಳಗೆ ನನ್ನ ಒಪ್ಪಿಗೆ.

"ಮುಟ್ಟಿತ್ತು ಮೇಸ್ತ್ರಿ. ನಾನು ಓದಲಿಲ್ಲ. ಓದದೇ ಒತ್ತಿದೆ. ಕಂಬ ಅಳಿಸಿದ್ದು ಮೇಷ್ಟ್ರು. ನಿಮ್ಮದು ಏನೂ ತಪ್ಪಿಲ್ಲ. ನಿಮ್ಮ ಮನೆಯವರಿಗೆ ನಾನು ಸುಳ್ಳು ಹೇಳಿದ್ದೆ."

ಫೋಟೋದಿಂದ ನನ್ನ ಒಪ್ಪಿಗೆಯವರೆಗೂ ಬೆರಳು ಎಳೆದು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ನೋಡಿದ್ಯಾ? ನಾನು ಸರಿಯಾಗೇ ಒತ್ತಿದ್ದೆ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

"ಇದನ್ನ ಹಂಚಾಕೆ ಬರ್ತೈತಲ್ರಿ ನಿಮಗೆ?" ಎಂದರು ಮೇಸ್ತ್ರಿ.

ಅಲ್ಲೇ ಮಂಚದ ಪಕ್ಕ ನೆಲದ ಮೇಲೆ ಕೂತೆ. ಅವರು ಒಬ್ಬೊಬ್ಬರನ್ನೇ ಹೇಳುತ್ತಾ ಹೋದರು. ಸಾಸ್ವೆಹಳ್ಳಿ ಮಾಲೀಕರು. ಮೇಷ್ಟ್ರು. ಅವತ್ತು ಕೂತಿದ್ದ ಹಿರಿಯರು. ಕಬ್ಬಿಣದವರು. ಸೆಂಟ್ರಿಂಗಿನವರು. ತ್ಯಾವಣಿಗೆ ಮೇಸ್ತ್ರಿಯ ನಂಬರನ್ನು ನಾನೇ ಸೇರಿಸಿದೆ. ಮೇಲೆ, ನಡೆದದ್ದನ್ನೆಲ್ಲ ನನ್ನ ಮಾತಿನಲ್ಲಿ ಬರೆದೆ, ನನ್ನ ತಪ್ಪನ್ನು ಮೊದಲು ಬರೆದೆ. ಕಳಿಸಿದ ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಳ್ಳತೊಡಗಿತು. ಮಾಲೀಕರು, ಆಮೇಲೆ ಯಾರ್ಯಾರೋ. ಎತ್ತಲಿಲ್ಲ. ಎತ್ತಿದ್ದು ಸಂಜೆ ಬಸ್ಸಿನಲ್ಲಿ, ಕೇಳಬೇಕಾದ ಬೈಗುಳವನ್ನೆಲ್ಲ ಕೇಳಿದೆ. ಹೊನ್ನಾಳಿ ಕಡೆಯಿಂದ ಆಮೇಲೆ ನನ್ನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ.

ಅದಕ್ಕೂ ಮೊದಲು, ಮಂಚದ ಪಕ್ಕ ಕೂತಿದ್ದಾಗಲೇ, ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಮೇಸ್ತ್ರಿಯ ನಂಬರು. ಒತ್ತಿದೆ. ಎಂದಿನಂತೆ ಸಾಫ್ಟ್‌ವೇರು ಕೇಳಿತು: ನೋಡುವುದೇ, ಪ್ರಶ್ನೆ ಕೇಳುವುದೇ, ತಿದ್ದುವುದೇ? ಯಾವುದು ಕೊಡಲಿ ಎಂದು ಅವರನ್ನೇ ಕೇಳಿದೆ.

ಅವರು ಹೊದಿಕೆಯಡಿಯ ತಮ್ಮ ಕಾಲುಗಳ ಕಡೆ ಒಮ್ಮೆ ನೋಡಿದರು.

"ನೋಡಾಕಷ್ಟೇ ಕೊಡ್ರಿ ಮೇಡಂ. ತಿದ್ದಾಕೆ ಇನ್ನೇನೈತೆ."

ಅಷ್ಟನ್ನೇ ಕೊಟ್ಟೆ.